ಬೇಡ ಎನ್ನದ ಬೆಳಿಗ್ಗೆ

ಫೆಬ್ರವರಿಯಲ್ಲಿ ಲಂಡನ್ನಿನ ಕೆಂಟನ್ ಬಡಾವಣೆಯ ಜನರೆಲ್ಲ ಬಿಸಿಲು ಕಾಣದೆ ಬಿಳಿಚಿಕೊಂಡಿದ್ದರೆ, ಕಾಕಾ ಒಬ್ಬರ ಮುಖ ಮಾತ್ರ ಸುಟ್ಟು ಕಪ್ಪಾಗಿರುತ್ತಿತ್ತು. ಹಿಮದ ಕನ್ನಡಕ ಮುಚ್ಚಿದ್ದ ಕಣ್ಣಿನ ಸುತ್ತಲ ಜಾಗವಷ್ಟೇ ಬೆಳ್ಳಗೆ. ಕನ್ನಡಿಗರ ಕೂಟಕ್ಕೂ ಅದೇ ಮುಖದಲ್ಲಿ ಬರುತ್ತಿದ್ದರು. "ಡಾಕ್ಟ್ರೇ, ಇದೇನ್ರೀ ನಿಮ್ಮ ಅವತಾರ?" ಎಂದು ಹೆಂಗಸರು ನಕ್ಕರೆ ತಾವೂ ನಕ್ಕು ತಟ್ಟೆಗೆ ಇನ್ನೆರಡು ಬಜ್ಜಿ ಹಾಕಿಸಿಕೊಳ್ಳುತ್ತಿದ್ದರು.

ಧಾರವಾಡದವರು, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ನಾನು ಹತ್ತಿರದ ಹೇಸ್‌ನ ಗೋದಾಮೊಂದರ ಆಫೀಸಿಗೆ ಕೆಲಸಕ್ಕೆ ಬಂದಾಗ ತಮ್ಮ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟರು. ಎಲ್ಲರಂತೆ ನಾನೂ ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎಂದು ಕರೆಯತೊಡಗಿದೆ. ಮೈಸೂರಿನ ನನ್ನಮ್ಮ ಫೋನಿನಲ್ಲಿ ಅದನ್ನು ಕೇಳಿ ನಗುತ್ತಿದ್ದಳು.

ಚಳಿಗಾಲದಲ್ಲಿ ರಜೆ ಸಿಕ್ಕಾಗಲೆಲ್ಲ ಕಾಕಾ ಹಿಮದ ಬೆಟ್ಟ ಹತ್ತಲು ಸ್ಕಾಟ್ಲೆಂಡಿಗೆ ಓಡುತ್ತಿದ್ದರು. ಎರಡನೇ ವರ್ಷ ನನ್ನನ್ನೂ ಎಳೆದುಕೊಂಡು ಹೋದರು. ಪ್ರತಿ ಸಲ ಹೋಗುವ ಮೊದಲು, ಗುರುವಾರ ಸಂಜೆ, ಅಡುಗೆಮನೆಯ ಮೇಜಿನ ಮೇಲೆ ಪಾಠ. ತಾಟಿನಲ್ಲಿ ಸಕ್ಕರೆ ಹರಡಿ, ಅದರ ಮೇಲೆ ಮೈದಾಹಿಟ್ಟು ಒತ್ತಿ, ನಿಧಾನ ಓರೆ ಮಾಡುತ್ತಿದ್ದರು. ಸ್ವಲ್ಪ ಹೊತ್ತು ಏನೂ ಆಗುತ್ತಿರಲಿಲ್ಲ. ಆಮೇಲೆ ಹಿಟ್ಟೆಲ್ಲ ಒಂದೇ ಹಪ್ಪಳದ ಹಾಗೆ ಜಾರಿ ಮೇಜಿಗೆ ಬೀಳುತ್ತಿತ್ತು. "ನೋಡು, ಮ್ಯಾಲಿಂದು ಗಟ್ಟಿ ಅದ, ತಳಗಿಂದು ಸಡಲ ಅದ. ಹಿಮಾನೂ ಹಿಂಗ ಜಾರ್ತದ." ಒಲೆಯ ಮುಂದಿನಿಂದ ಕಾಕು, "ಉಂಡಿಗೆ ಇಟ್ಟಿದ್ದ ಸಕ್ರೀರಿ ಅದು!" ಎಂದು ಗದರುತ್ತಿದ್ದರು.

ಗಾಳಿ ಯಾವ ಕಡೆಯಿಂದ ಬೀಸಿದೆ, ಹೊಸ ಹಿಮ ಯಾವ ಇಳಿಜಾರಿನಲ್ಲಿ ಕೂತಿದೆ, ಕಾಲಿಟ್ಟಲ್ಲಿ ಬಿರುಕು ಓಡುತ್ತದೆಯೇ: ಇವನ್ನೆಲ್ಲ ಅವರು ರೋಗಿಯ ನಾಡಿ ಹಿಡಿದಷ್ಟು ಶ್ರದ್ಧೆಯಿಂದ ನೋಡುತ್ತಿದ್ದರು. ಕೊನೆಗೊಂದು ಕಟ್ಟುನಿಟ್ಟಿನ ಪದ್ಧತಿ, ಗುರುವಾರ ಅಡುಗೆಮನೆಯಲ್ಲೂ ಮತ್ತೆ ಬೆಟ್ಟದ ಬುಡದಲ್ಲೂ. ಹೋಗುವುದೋ ಬಿಡುವುದೋ ಎಂದು ಬಂದವರಲ್ಲಿ ಎಲ್ಲರಿಗಿಂತ ಚಿಕ್ಕವರು ಮೊದಲು ಹೇಳಬೇಕು, ಕಾಕಾ ಕೊನೆಗೆ. ಒಬ್ಬರು ಬೇಡ ಎಂದರೂ ಯಾರೂ ಹೋಗುವಂತಿಲ್ಲ. "ನೀವು ಹೇಗೆ ಹೇಳ್ತೀರೋ ಹಾಗೆ, ಕಾಕಾ" ಎಂದು ನಾನು ಮೊದಲ ಸಲ ಹಲ್ಲು ಕಿರಿದಾಗ ಸಿಟ್ಟಿಗೆದ್ದರು. "ನಾ ಹಿರಿಯಾಂವ ಅಂತ ಹೂಂ ಅನಬ್ಯಾಡ. ನಮ್ಮ ಮಂದೀಗೆ ಇದೊಂದು ರೋಗ. ನಿನಗೇನ ಅನಸ್ತದ, ಅದನ್ನ ಹೇಳು."

ಆ ವರ್ಷವೇ ಒಮ್ಮೆ ನಾನು ಬೇಡ ಎಂದೆ. ಇಡೀ ದಿನ ಕಾರು ಓಡಿಸಿಕೊಂಡು ಹೋಗಿದ್ದೆವು. ಬೆಟ್ಟದ ಬುಡದಲ್ಲಿ ನನಗೆ ಸುಮ್ಮನೆ ಹೆದರಿಕೆಯಾಯಿತು. ಕಾಕಾ ಯಾಕೆ ಎಂದೂ ಕೇಳಲಿಲ್ಲ. ಬೂಟು ಬಿಚ್ಚಿ, ಕಾರಲ್ಲಿ ಕೂತು, ಕಾಕು ಕಟ್ಟಿಕೊಟ್ಟ ರೊಟ್ಟಿ-ಶೇಂಗಾ ಚಟ್ನಿ ತಿನ್ನುತ್ತ ದಾರಿಯುದ್ದಕ್ಕೂ ನನ್ನನ್ನು ರೇಗಿಸಿದರು. ಅಂಥ ಮನುಷ್ಯ!

ಹೋದ ಚಳಿಗಾಲ ನಾವಿಬ್ಬರೇ ಹೋದೆವು. ಕಾಕಾಗೆ ಮೊಣಕಾಲಿನ ಆಪರೇಷನ್ ಗೊತ್ತಾಗಿತ್ತು. "ಇದ ಕಡೇದಪ್ಪಾ" ಎಂದು ವಾರವಿಡೀ ಹೇಳಿಕೊಂಡಿದ್ದರು. ಬೆಳಿಗ್ಗೆ ಬೆಟ್ಟದ ಬುಡದಲ್ಲಿ ನಿಂತು ನೋಡಿದರೆ, ಶಿಖರದಿಂದ ಹಿಮದ ಪುಡಿ ಹಾರಿ ಬಂದು ನಾವು ದಾಟಬೇಕಾದ ಇಳಿಜಾರಿನ ಮೇಲೇ ಕೂರುತ್ತಿತ್ತು. ನನಗದು ಕಂಡಿತ್ತು. ಅದರ ಅರ್ಥವೂ ಗೊತ್ತಿತ್ತು: ತಾಟಿನ ಸಕ್ಕರೆಯ ಮೇಲೆ ಒತ್ತಿದ ಹಿಟ್ಟು, ಅವರೇ ಕಲಿಸಿದ್ದು.

"ಹೇಳಪ್ಪಾ" ಎಂದರು. ಹಬ್ಬದ ದಿನದ ಹುಡುಗನ ಮುಖ ಅವರದು. ಬೇಡ ಎನ್ನಲು ನನ್ನ ಹಾಳು ಬಾಯಿ ಬರಲಿಲ್ಲ.

"ನಿಮಗೆ ಸರಿ ಅನ್ಸಿದ್ರೆ ನಂಗೂ ಸರಿ, ಕಾಕಾ."

ಈ ಸಲ ಅವರು ಸಿಟ್ಟಾಗಲಿಲ್ಲ. ಅವರಿಗೂ ಅದೇ ಬೇಕಿತ್ತೇನೋ. "ಹಂಗಾರ ನಡಿ" ಎಂದರು. ಇಳಿಜಾರಿನ ಅಂಚಿನಲ್ಲಿ ನನ್ನನ್ನು ಬಂಡೆಯ ಹಿಂದೆ ನಿಲ್ಲಿಸಿ ತಾವೊಬ್ಬರೇ ಮೊದಲು ದಾಟಲು ಹೋದರು. ಅರ್ಧ ದಾಟಿರಬೇಕು, ಅವರ ಮೇಲುಗಡೆ ಉದ್ದಕ್ಕೆ ಗೆರೆ ಎಳೆದಂತೆ ಹಿಮ ಬಿರಿಯಿತು. ಜಾರಿದ್ದು ನಿಂತ ಮೇಲೆ ಹಿಮದಡಿ ಹೂತವರನ್ನು ಹುಡುಕಲೆಂದು ಅವರು ಮೈಗೆ ಕಟ್ಟಿಕೊಂಡಿದ್ದ ಯಂತ್ರದ ಸಿಗ್ನಲ್ ಹಿಡಿದು ಹುಡುಕಿದೆ. ಕೂಗುತ್ತ ತೋಡಿದೆ. ಮುಖ ಸಿಕ್ಕಾಗ ಉಸಿರಿರಲಿಲ್ಲ.

ಲಂಡನ್ನಿಗೆ ತಂದು ಕ್ರಿಯೆಯೆಲ್ಲ ಮುಗಿಸಿದೆವು. ಬಂದವರೆಲ್ಲ ನನ್ನ ಬೆನ್ನು ಸವರಿ, "ನೀನೇನು ಮಾಡೋಕಾಗ್ತಿತ್ತು? ಅವರು ಯಾರ ಮಾತೂ ಕೇಳ್ತಿರ್ಲಿಲ್ಲ ಬಿಡು" ಎನ್ನುತ್ತಿದ್ದರು. ನನ್ನ ಮಾತು ಕೇಳುತ್ತಿದ್ದರು ಕಾಕಾ. ನನ್ನಂಥವನ ಒಂದು ಮಾತಿಗೆ ತಿರುಗಿ ಬರುವ ಹಿರಿಯರನ್ನು ನಾನು ಬೇರೆ ಕಂಡಿಲ್ಲ.

ನೆಂಟರೆಲ್ಲ ಹೋದ ಮಧ್ಯಾಹ್ನ ಕಾಕು ಮುಂದೆ ಕೂತು ಹೇಳಿಬಿಟ್ಟೆ. ಗಾಳಿ ಕಂಡದ್ದು, ಬೇಡ ಅನಿಸಿದ್ದು, ಅನ್ನದೇ ಹೋದದ್ದು. ಮನೆ ಬಿಟ್ಟು ಹೋಗು ಎಂದರೆ ಹೋಗಲು ತಯಾರಾಗಿದ್ದೆ.

ಕಾಕು ಮುಂದಿದ್ದ ತಾಟು ಬದಿಗೆ ಸರಿಸಿದರು. ಆಮೇಲೆ, "ಯಾಕ ಅನಲಿಲ್ಲೋ ತಮ್ಮಾ?" ಎಂದರು.

"ಅವರಿಗೆ ಬೇಜಾರಾಗುತ್ತೆ ಅಂತ, ಕಾಕು."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಆ ಗುರುವಾರ ನನಗೂ ಭಾಳ ಅನಸಿತ್ತು, ಹೋಗಬ್ಯಾಡ್ರಿ ಅನಬೇಕಂತ. ಇಷ್ಟು ವರ್ಷ ಇದ ಅಡಗೀಮನ್ಯಾಗ ಬಂದೋರನ್ನೆಲ್ಲಾ ಕೇಳತಿದ್ರು, ಹೋಗೋಣೋ ಬ್ಯಾಡೋ ಅಂತ. ನನ್ನ ಮಾತ್ರ ಒಂದ ಸಲಾನೂ ಕೇಳಲಿಲ್ಲೋ."