ಮಗ್ಗುಲಕ್ಕ ಬರೆದ ಲೇಖನ

ವಾರ್ಡಿನಲ್ಲಿ ಆಕೆಗೆ ಮಗ್ಗುಲಕ್ಕ ಎಂದೇ ಹೆಸರು. ಎದ್ದು ಕೂರಲಾರದ ರೋಗಿಗಳನ್ನು ಆಗಾಗ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸದಿದ್ದರೆ ಮೈ ಒತ್ತಿ ಹುಣ್ಣಾಗುತ್ತದೆ. ಈ ಒಂದು ವಿಷಯದಲ್ಲಿ ಆಕೆ ಜಗಮೊಂಡಿ. ದೊಡ್ಡ ಡಾಕ್ಟರು ಬಂದು ಮಂಚದ ಪಕ್ಕ ನಿಂತಿದ್ದರೂ ಅಷ್ಟೇ, ಸ್ವಲ್ಪ ಆಚೆ ಸರಿಯಿರಿ ಸಾರ್, ಇವರ ಮಗ್ಗುಲು ಬದಲಾಯಿಸಬೇಕು ಎಂದು ಅವರನ್ನೇ ಸರಿಸುವವಳು. ಅವರೂ ಪಾಪ, ಗೊಣಗದೆ ಸರಿಯುತ್ತಿದ್ದರು.

ಈ ಮೊಂಡುತನ ಬಂದದ್ದು ಅತ್ತೆಯಿಂದ. ಅದೇ ವಾರ್ಡಿಗೆ ಅತ್ತೆ ಒಂದು ಕಾಲದಲ್ಲಿ ಹೆಡ್ ನರ್ಸು. ಎಲ್ಲರೂ ಜಾತಕ ನೋಡಿಯೋ ಮುಖ ನೋಡಿಯೋ ಸೊಸೆಯನ್ನು ತಂದರೆ ಈ ಮಹಾತಾಯಿ ಕೈ ನೋಡಿ ತಂದವರು. ತರಬೇತಿಗೆ ಬಂದ ಹುಡುಗಿಯರಲ್ಲಿ ಒಬ್ಬಳು ಒಬ್ಬ ಮುದುಕನ ಬೆನ್ನಿಗೆ ಸ್ಪಿರಿಟ್ ಹಚ್ಚಿ, ಮೂಳೆ ಒತ್ತಿ ಕೆಂಪಾದ ಜಾಗವನ್ನು ಅಂಗೈಯಿಂದ ಉಜ್ಜಿ, ಪೌಡರ್ ಹಾಕಿದ ರೀತಿ ಕಂಡದ್ದೇ ತಡ, ಮಗನ ಮದುವೆ ನಿಶ್ಚಯ ಮಾಡಿಬಿಟ್ಟರು. ಮಗನನ್ನು ಕೇಳಿದ್ದು ಆಮೇಲೆ. ಹಾಗೆ ಉಜ್ಜುವುದನ್ನು ಅತ್ತೆ ಅದೆಷ್ಟು ಹುಡುಗಿಯರಿಗೆ ಕಲಿಸಿದ್ದರೋ, ಲೆಕ್ಕ ಇಟ್ಟವರಿಲ್ಲ. ಅವರಲ್ಲಿ ಅನೇಕರು ಈಗ ಬೇರೆ ಬೇರೆ ಆಸ್ಪತ್ರೆಗಳಲ್ಲಿ ತಾವೇ ಹೆಡ್ ನರ್ಸುಗಳು.

ಮಗ್ಗುಲಕ್ಕನಿಗೆ ಅನುಮಾನ ಹುಟ್ಟಿದ್ದು ಆ ಕೆಂಪು ಜಾಗಗಳನ್ನು ನೋಡಿ ನೋಡಿಯೇ. ಇಷ್ಟು ಶ್ರದ್ಧೆಯಿಂದ ಉಜ್ಜಿದರೂ ಕೆಲವು ಯಾಕೆ ಬೇಗ ಸುಲಿಯುತ್ತವೆ? ನರ್ಸಿಂಗ್ ಕಾಲೇಜಿನ ಮೇಡಂ ಒಬ್ಬರನ್ನು ಕೇಳಿದಳು. ಉಜ್ಜಬಾರದು ಎಂದು ಪುಸ್ತಕಗಳಲ್ಲಿ ಬರೆದು ಎಷ್ಟೋ ಕಾಲವಾಯಿತು, ವಾರ್ಡಿನ ಕೈಗಳು ಮಾತ್ರ ನಿಂತಿಲ್ಲ, ನಿಮ್ಮ ವಾರ್ಡಿನಲ್ಲೇ ನೋಡಿ ಬರೆಯಿರಿ, ಆಗಲಾದರೂ ನಂಬುತ್ತಾರೆ ಎಂದರು ಮೇಡಂ.

ನೋಡಿದಳು. ಆಸ್ಪತ್ರೆಯ ನೀತಿ ಸಮಿತಿಯ ಒಪ್ಪಿಗೆ, ರೋಗಿಗಳ ಮನೆಯವರ ಒಪ್ಪಿಗೆ ಎಲ್ಲ ಪಡೆದು, ಒಂದು ಸಾಲಿನವರಿಗೆ ಮಗ್ಗುಲು ಬದಲಿಸುವುದರ ಜೊತೆಗೆ ಎಂದಿನಂತೆ ಉಜ್ಜುವುದು, ಇನ್ನೊಂದು ಸಾಲಿನವರಿಗೆ ಬರೀ ಮಗ್ಗುಲು ಬದಲಿಸುವುದು. ಉಜ್ಜುವ ಕೆಲಸವನ್ನು ಆದಷ್ಟೂ ತಾನೇ ವಹಿಸಿಕೊಂಡಳು. ನಾಳೆ ಯಾರೂ ಕೈ ಸರಿಯಿರಲಿಲ್ಲ ಅನ್ನಬಾರದಲ್ಲ. ಉಜ್ಜಿಸಿಕೊಂಡವರಲ್ಲೇ ಹುಣ್ಣು ಹೆಚ್ಚು ಎಂದು ಕೊನೆಗೆ ಗೊತ್ತಾದಾಗ ಆಕೆಗೆ ಸಂತೋಷವೇನೂ ಆಗಲಿಲ್ಲ. ಅಂಗೈ ನೋಡಿಕೊಂಡು ಕೂತಿದ್ದಳು.

ಇನ್ನು ಬರೆಯುವ ಪಾಡು. ಪಾಳಿ ಮುಗಿಸುವಾಗ ವರದಿ ಒಪ್ಪಿಸಿ ಒಪ್ಪಿಸಿ ರೂಢಿಯಾದ ಕೈ ಅದು. ಮೊದಲ ಕರಡಿನಲ್ಲಿ ಪ್ರತಿ ಪ್ಯಾರಾದ ಕೊನೆಗೂ ‘ಮುಂದಿನ ಪಾಳಿಯವರು ಗಮನಿಸುವುದು’ ಎಂದು ಬರೆದಿದ್ದಳು! ಮೇಡಂ ನಕ್ಕು ನಕ್ಕು ಸುಸ್ತಾಗಿ, ಓದುವವರು ಡ್ಯೂಟಿಗೆ ಬಂದವರಲ್ಲ ಕಣ್ರೀ ಎಂದು ಹೊಡೆದು ಹಾಕಿದರು. ನಾಚಿಕೆಪಟ್ಟು ಬಿಡುವ ಪೈಕಿಯಲ್ಲ ನಮ್ಮಕ್ಕ. ಡ್ಯೂಟಿ ಮುಗಿಸಿ ಬಂದು ಊಟದ ಮೇಜಿನ ಮೇಲೇ ಕಾಗದ ಹರಡಿಕೊಂಡು ಮತ್ತೆ ಬರೆದಳು, ಮತ್ತೆ ಬರೆದಳು. ಬರೆದು ಅಭ್ಯಾಸವಿಲ್ಲದವರು ಬರೆಯಲು ಕೂರುವುದೆಂದರೆ ತಮಾಷೆಯೇ? ನನ್ನನ್ನು ಕೇಳಿದರೆ ಅದೂ ಒಂದು ಬಗೆಯ ಪೌರುಷವೇ.

ಅತ್ತೆಯ ಹಿಗ್ಗು ಹೇಳತೀರದು. ನಮ್ಮ ಬೆನ್ನಿನ ಆರೈಕೆಯ ಬಗ್ಗೆ ಸೊಸೆ ಬರೆದದ್ದು ಅಚ್ಚಾಗುತ್ತದೆ ಎಂದು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಒಳಗೆ ಏನಿದೆ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಂಡನಂತೂ, ನೀನುಂಟು ನಿನ್ನತ್ತೆಯುಂಟು ಎಂದು ಕೈ ಎತ್ತಿಬಿಟ್ಟ. ಅದಕ್ಕೇ ಮಗ್ಗುಲಕ್ಕ ಕೊನೆಯ ಭಾಗವನ್ನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಬರೆದಿದ್ದಳು. ಉಜ್ಜುವುದರಿಂದ ಪ್ರಯೋಜನ ಕಡಿಮೆ ಇರಬಹುದು, ಇನ್ನಷ್ಟು ಅಧ್ಯಯನ ಬೇಕಾಗಬಹುದು.

ಲೇಖನ ಕಳಿಸಿದ್ದ ನರ್ಸಿಂಗ್ ಪತ್ರಿಕೆಯವರು ಬಿಡುತ್ತಾರೆಯೇ? ನಿಮ್ಮ ಅಂಕಿಗಳು ಒಂದು ಹೇಳುತ್ತವೆ, ನೀವು ಇನ್ನೊಂದು ಹೇಳುತ್ತೀರಿ, ನರ್ಸುಗಳು ಉಜ್ಜಬೇಕೋ ಬೇಡವೋ, ಸ್ಪಷ್ಟವಾಗಿ ಬರೆಯದಿದ್ದರೆ ಪ್ರಕಟಿಸುವುದಿಲ್ಲ ಎಂದು ತಿರುಗಿ ಕಳಿಸಿದರು. ಮಗ್ಗುಲಕ್ಕನಿಗೆ ನುಂಗಲೂ ಆಗದು, ಉಗುಳಲೂ ಆಗದು. ಬರೆದರೆ ಅತ್ತೆಯ ಇಡೀ ಬದುಕಿನ ದುಡಿಮೆಗೆ ತನ್ನ ಕೈಯಾರೆ ಮಸಿ ಬಳಿದ ಹಾಗೆ. ಬರೆಯದಿದ್ದರೆ ಮಲಗಿದವರ ಚರ್ಮ ಸುಲಿಯುತ್ತಲೇ ಇರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹೇಗೋ ಬರೆದು, ಅಚ್ಚಾದ ಮೇಲೆ ಆ ಸಂಚಿಕೆಯನ್ನು ಹಾಸಿಗೆಯಡಿ ತುರುಕುತ್ತಿದ್ದರು. ಇವಳು ಮಾರನೆಯ ಮಧ್ಯಾಹ್ನ ಅತ್ತೆಯ ಮುಂದೆ ಕಾಗದಗಳನ್ನಿಟ್ಟು, ಓದಿ ಅತ್ತೆ ಎಂದಳು.

ಅತ್ತೆ ಕನ್ನಡಕ ಹಾಕಿಕೊಂಡು ನಗುನಗುತ್ತಲೇ ಶುರು ಮಾಡಿದರು. ಅಂಕಿಗಳ ಪುಟಕ್ಕೆ ಬಂದಾಗ ನಗು ಹೋಯಿತು. ಆ ಪುಟವನ್ನು ಮತ್ತೊಮ್ಮೆ ಓದಿದರು.

"ಉಜ್ಜಿದ್ದು ಯಾರು?"

"ನಾನೇ ಅತ್ತೆ."

"ಸರಿಯಾಗಿ ಉಜ್ಜಿದ್ಯಾ?"

"ನೀವು ಕಲಿಸಿದ ಹಾಗೇ."

ಅತ್ತೆ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ರಾತ್ರಿ ಊಟಕ್ಕೂ ಬರಲಿಲ್ಲ. ಮಗ ಹೋಗಿ ಕರೆದು ಬೈಸಿಕೊಂಡು ಬಂದ. ಹೆತ್ತ ತಾಯಿಗಿಂತ ಹೆಚ್ಚಾಗಿ ಸೊಸೆಯನ್ನು ನೋಡಿಕೊಂಡವರು ಅವರು. ಹಾಳಾಗಿ ಹೋಗಲಿ ಈ ಲೇಖನ ಎಂದು ಮಗ್ಗುಲಕ್ಕನಿಗೆ ಒಂದು ಗಳಿಗೆ ಅನ್ನಿಸಿತು ಕೂಡ. ಆದರೂ ಕಾಗದ ಹರಿಯಲಿಲ್ಲ, ಬೆಳಿಗ್ಗೆ ಎದ್ದು ಎಂದಿನಂತೆ ಡ್ಯೂಟಿಗೆ ಹೋದಳು.

ತಿರುಗಿ ಬಂದಾಗ ಅತ್ತೆ ಊಟದ ಮೇಜಿನ ಮುಂದೆ ಆ ಕಾಗದಗಳನ್ನು ಹರಡಿಕೊಂಡು ಕೂತಿದ್ದರು. ಕಣ್ಣು ಊದಿಕೊಂಡಿತ್ತು. ದನಿ ಮಾತ್ರ ಹಳೆಯ ಹೆಡ್ ನರ್ಸಿನದೇ.

"ನಾನು ಉಜ್ಜುವಾಗ ಎಷ್ಟೋ ಜನ ಕಣ್ಣು ಮುಚ್ಕೊಳ್ಳೋರು ಕಣೇ. ಹಿತ ಆಗ್ತಿದೆ ಅಂದ್ಕೊಂಡಿದ್ದೆ."

ಸೊಸೆ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು. ಅತ್ತೆ ಕೈ ಬಿಡಿಸಿಕೊಂಡು ಕೊನೆಯ ಪುಟದ ಮೇಲೆ ಬೆರಳಿಟ್ಟರು.

"ಇರಬಹುದು, ಬೇಕಾಗಬಹುದು. ಇದೇನು ಹೀಗೆ ಬರ್ದಿದ್ದೀಯಾ? ನಾನಿನ್ನೂ ಬದುಕಿದ್ದೀನಿ ಅಂತಾನಾ? ಉಜ್ಜಬೇಡಿ ಅಂತ ಬರಿ."

ಮಗ್ಗುಲಕ್ಕ ಅಲ್ಲೇ, ಅವರ ಎದುರಿಗೇ ಬರೆದಳು. ಕೆಂಪಾದ ಜಾಗವನ್ನು ಉಜ್ಜಬಾರದು. ಉಜ್ಜಿದರೆ ಹುಣ್ಣು ಹೆಚ್ಚುತ್ತದೆ. ಅತ್ತೆ ಇಣುಕಿ ನೋಡಿ ಹೂಂ ಎಂದರು. ಇದು ಅಚ್ಚಾಗಿ ಎಲ್ಲರ ಕೈಗೆ ಸೇರೋದು ಯಾವಾಗ ಎಂದು ಕೇಳಿದರು. ತಿಂಗಳುಗಟ್ಟಲೆ ಆಗುತ್ತದೆ, ಅವರು ಮತ್ತೆ ಓದಬೇಕು, ಒಪ್ಪಬೇಕು, ಸಾಲಿನಲ್ಲಿ ಕಾಯಬೇಕು ಎಂದಳು ಸೊಸೆ.

"ಅಲ್ಲೀವರೆಗೂ ನನ್ನ ಹುಡುಗೀರು ಉಜ್ತಾನೇ ಇರ್ತಾರಲ್ಲೇ."

ಅತ್ತೆ ಫೋನು ಎತ್ತಿಕೊಂಡರು. ತಾವು ಕಲಿಸಿದವರಲ್ಲಿ ಮೊದಲು ನೆನಪಾದವಳಿಗೆ ಹಚ್ಚಿ, ಆ ಕಡೆಯವಳು ಚೆನ್ನಾಗಿದ್ದೀರಾ ಸಿಸ್ಟರ್ ಎಂದು ಕೇಳಿ ಮುಗಿಸುವುದಕ್ಕೂ ಬಿಡದೆ ಹೇಳಿದರು:

"ನಾನು ಕಲಿಸಿದ್ದು ತಪ್ಪಮ್ಮ. ಇವತ್ತಿಂದ ಯಾರ ಬೆನ್ನೂ ಉಜ್ಜಬೇಡ."

ಫೋನಿಟ್ಟು, ಮುಂದಿನವಳ ನಂಬರು ಹುಡುಕತೊಡಗಿದರು.