ಪ್ರಫುಲ್ಲತ್ತಿಗೆಯ ಹೇಳಿಕೆ

ನನ್ನ ಅತ್ತಿಗೆ ಪ್ರಫುಲ್ಲಾ ಮೊಬೈಲಿನಲ್ಲಿ ಕರೆದ ಮದುವೆಗೆ ಇಂದಿನವರೆಗೂ ಹೋದವರಲ್ಲ. ಕರೆಯುವವರು ಮನೆಗೆ ಬರಬೇಕು, ಕುಳಿತು ಬೆಲ್ಲ ನೀರು ತೆಗೆದುಕೊಳ್ಳಬೇಕು, ಇಂಥ ದಿನ ಮದುವೆ, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಕಡೆ ಇದಕ್ಕೆ ಹೇಳಿಕೆ ಎನ್ನುತ್ತಾರೆ. ಕಳೆದ ವರ್ಷ ಉಡುಪಿಯ ನೆಂಟರೊಬ್ಬರು ವಾಟ್ಸಾಪಿನಲ್ಲಿ ಕಾರ್ಡು ಕಳಿಸಿ, ಕೆಳಗೆ ‘ಇದನ್ನೇ ಖುದ್ದು ಆಹ್ವಾನವೆಂದು ಭಾವಿಸಿ’ ಎಂದು ಬರೆದಿದ್ದರು. ಅತ್ತಿಗೆ ಮದುವೆಯ ದಿನ ಮಧ್ಯಾಹ್ನ ಉತ್ತರ ಕಳಿಸಿದರು: ‘ನಾವು ಬಂದು ಊಟ ಮಾಡಿ ಹೋದೆವೆಂದು ಭಾವಿಸಿ.’

ಇನ್ನಂಜೆಯಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿದವರು ಅವರು. ಚಪ್ಪಲಿ ಸಾಲಾಗಿ ಇಡು, ದೊಡ್ಡವರು ಬಂದರೆ ಎದ್ದು ನಿಲ್ಲು ಎಂದು ಊರಿನ ಅರ್ಧ ಜನಕ್ಕೆ ಕಲಿಸಿದ್ದು ಅವರೇ. ಆ ಮಕ್ಕಳಿಗೆಲ್ಲ ಈಗ ಮೀಸೆ ಬಂದಿದೆ, ಆದರೂ ಬಸ್ಸಿನಲ್ಲಿ ಟೀಚರನ್ನು ಕಂಡರೆ ಮೊಬೈಲು ಕಿಸೆಗೆ ಹಾಕಿ ಸೀಟು ಬಿಡುತ್ತಾರೆ. ಬಿಡದವರಿಗೆ ಅಲ್ಲೇ ಪಾಠ. ಜನರಲ್ಲಿ ಮರ್ಯಾದೆ ಎಂಬುದು ಉಳಿದಿಲ್ಲ ಎಂಬ ಮಾತು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತದೆ. ಐವತ್ತೆಂಟು ವರ್ಷದ ನಾನೂ ಅವರೆದುರು ಕಾಲ ಮೇಲೆ ಕಾಲು ಹಾಕಿ ಕೂರುವ ಧೈರ್ಯ ಮಾಡುವುದಿಲ್ಲ.

ಇಂಥವರ ಮಗಳು ಭವ್ಯಶ್ರೀಯ ಮದುವೆ ನಿಶ್ಚಯವಾದಾಗ ಸಿಕ್ಕಿಬಿದ್ದದ್ದು ನಾನು, ನನ್ನ ಹಳೇ ಕಾರು ಮತ್ತು ನನ್ನ ಅಣ್ಣ ಉಮಾನಾಥ. ಹದಿನೆಂಟು ದಿನ ಮನೆಯಿಂದ ಮನೆಗೆ ಸುತ್ತಿದೆವು. ಅಣ್ಣ ಹಿಂದಿನ ಸೀಟಿನಲ್ಲಿ ಕಾರ್ಡಿನ ಚೀಲ ಹಿಡಿದು ಸುಮ್ಮನೆ ಕೂರುತ್ತಿದ್ದರು, ಹೇಳುವುದೆಲ್ಲ ಅತ್ತಿಗೆಯೇ. ಮಟ್ಟುವಿನಲ್ಲಿ ಗುಳ್ಳದ ಗದ್ದೆಗೇ ಇಳಿದು, ಬದನೆ ಕೊಯ್ಯುತ್ತಿದ್ದವರ ಕೈ ತೊಳೆಸಿ ಕಾರ್ಡು ಕೊಟ್ಟರು. ಮಣಿಪಾಲದಲ್ಲಿ ಏಳನೇ ಮಹಡಿಯ ನೆಂಟರು ಫೋನಿನಲ್ಲಿ “ಸೆಕ್ಯೂರಿಟಿಯ ಹತ್ತಿರ ಕೊಟ್ಟು ಹೋಗಿ ಆಂಟಿ” ಎಂದರು. ಅತ್ತಿಗೆ ಸೆಕ್ಯೂರಿಟಿಯವನ ಕುರ್ಚಿಯಲ್ಲಿಯೇ ಗಟ್ಟಿಯಾಗಿ ಕುಳಿತರು. ಅರ್ಧ ಗಂಟೆಯ ನಂತರ ನೆಂಟರು ಇಳಿದು ಬಂದರು. ಅಷ್ಟರಲ್ಲಿ ಸೆಕ್ಯೂರಿಟಿಯವನಿಗೂ ಒಂದು ಹೇಳಿಕೆ ಆಗಿತ್ತು.

ಮದುವೆಗೆ ನಾಲ್ಕು ದಿನ ಉಳಿದಿರುವಾಗ ಪಟ್ಟಿಯ ಕೊನೆಯ ಹೆಸರಿಗೂ ಗೆರೆ ಬಿತ್ತು. ಮೊಬೈಲಿನಲ್ಲಿ ಒಬ್ಬರಿಗೂ ಹೇಳಿಲ್ಲ ಎಂಬ ಹೆಮ್ಮೆಯಲ್ಲಿ ಅತ್ತಿಗೆ ಆ ದಿನ ಎರಡು ಲೋಟ ಚಹಾ ಕುಡಿದರು.

ಮರುದಿನ ಪಕ್ಕದ ಮನೆಯ ತೆರೆಸಾ ಬರಲಿಲ್ಲ. ಅದು ಸಣ್ಣ ಸಂಗತಿಯಲ್ಲ. ಇಪ್ಪತ್ತಾರು ವರ್ಷದಿಂದ ಬೇಲಿಯ ಸಂದಿನಲ್ಲಿ ನುಗ್ಗಿ ನೇರ ಅಡುಗೆಮನೆಗೆ ಬರುವ ಹೆಂಗಸು. ಅತ್ತಿಗೆ ಅಂಗನವಾಡಿಯಲ್ಲಿ ಊರ ಮಕ್ಕಳನ್ನು ನೋಡಿಕೊಳ್ಳುವಾಗ ಭವ್ಯಶ್ರೀಗೆ ಗಂಜಿ ಉಣಿಸಿ ಮಲಗಿಸುತ್ತಿದ್ದದ್ದು ತೆರೆಸಾ. ಮದುವೆಯ ಸೀರೆ ಆರಿಸಲಿಕ್ಕೂ ಅವರೇ ಬೇಕಾಗಿತ್ತು.

“ಜ್ವರವೋ ಏನೋ, ನೋಡಿಕೊಂಡು ಬಾ ಸುಕೇಶ” ಎಂದು ಅತ್ತಿಗೆ ನನ್ನನ್ನು ಓಡಿಸಿದರು.

ತೆರೆಸಾ ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು.

“ಎಂತ ತೆರೆಸಾ ಬಾಯಿ, ಹುಷಾರಿಲ್ವಾ?”

“ಹುಷಾರಿದ್ದೇನೆ. ಭಾನುವಾರ ಕಾರ್ಕಳಕ್ಕೆ ಹೋಗಲಿಕ್ಕುಂಟು, ತಂಗಿಯ ಮನೆಗೆ.”

“ಭಾನುವಾರ ಭವ್ಯನ ಮದುವೆ ಅಲ್ವಾ?”

“ಹೌದಾ? ನಮ್ಮ ಮನೆಗೆ ಯಾರೂ ಹೇಳಲಿಲ್ಲ.” ಹೂ ಕಟ್ಟುವ ಕೈ ನಿಲ್ಲಲಿಲ್ಲ. “ಹೇಳದೆ ಹೋಗುವುದು ಮರ್ಯಾದೆ ಅಲ್ಲ ಅಂತ ಪ್ರಫುಲ್ಲಕ್ಕನೇ ನನಗೆ ಕಲಿಸಿದ್ದು, ಸುಕೇಶಣ್ಣ.”

ತಮಾಷೆ ಎಂದುಕೊಂಡು ನಕ್ಕೆ. ಅವರು ತಲೆ ಎತ್ತಿದಾಗ ಕಣ್ಣು ಕೆಂಪಾಗಿದ್ದದ್ದು ಕಂಡಿತು. ನನಗೆ ನಾಚಿಕೆಯಾಯಿತು.

ವಿಷಯ ಕೇಳಿ ಅತ್ತಿಗೆಗೆ ಮೊದಲು ಸಿಟ್ಟೇ ಬಂತು. “ಅವಳು ಮನೆಯವಳು. ಮನೆಯವರಿಗೆ ಯಾರಾದರೂ ಹೇಳಿಕೆ ಕೊಡುತ್ತಾರಾ?”

ಹದಿನೆಂಟು ದಿನ ಬಾಯಿ ತೆರೆಯದ ಅಣ್ಣ ಪೇಪರಿನ ಹಿಂದಿನಿಂದ ಕೇಳಿದರು: “ಮನೆಯವಳು ಅಂತ ಅವಳಿಗೆ ಯಾವಾಗ ಹೇಳಿದ್ದೀ?”

ಅತ್ತಿಗೆ ಅಲ್ಲಿಯೇ ಕುಳಿತರು. ಸೆಕ್ಯೂರಿಟಿಯವನನ್ನೂ ಕರೆದು ಬಂದಿದ್ದವರು ಪಟ್ಟಿ ತೆಗೆದು ಮೇಲಿನಿಂದ ಕೆಳಗೆ ಬೆರಳಾಡಿಸಿದರು. ತೆರೆಸಾ ಇಲ್ಲದೆ ಭವ್ಯ ಮಂಟಪಕ್ಕೆ ಹತ್ತುವುದನ್ನು ಯೋಚಿಸಿಯೇ ಅವರ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿಗೆ ಎದ್ದು ಮದುವೆ ಮನೆಗಳಿಗೆ ಉಡುವ ಸೀರೆ ಉಟ್ಟು ಬಂದರು. ಚೀಲದಲ್ಲಿ ಕಾರ್ಡು ಮುಗಿದಿತ್ತು. ದೇವರ ಮುಂದೆ ಇಟ್ಟ ಮೊದಲ ಕಾರ್ಡನ್ನೇ ತೆಗೆದು, ಕೈಮುಗಿದು, ಅದರ ಮೇಲೆ ‘ಶ್ರೀಮತಿ ತೆರೆಸಾ ಮತ್ತು ಮನೆಯವರು’ ಎಂದು ಬರೆದರು.

“ಕಾರು ತೆಗೆ.”

“ಪಕ್ಕದ ಮನೆಗಾ ಅತ್ತಿಗೆ?”

“ಎಲ್ಲರ ಮನೆಗೂ ಕಾರಿನಲ್ಲಿ ಹೋದದ್ದು. ಅವಳ ಮನೆಗೆ ಮಾತ್ರ ಬೇಲಿ ನುಗ್ಗಿ ಹೋಗುವುದಾ?”

ಕಾರು ಹಿಂದಕ್ಕೆ ತೆಗೆದು, ರಸ್ತೆಗೆ ಹಾಕಿ, ಇಪ್ಪತ್ತು ಮಾರು ಓಡಿಸಿ ಮುಂದಿನ ಗೇಟಿನಲ್ಲಿ ನಿಲ್ಲಿಸಿದೆ. ಎದುರು ಮನೆಯವರು ಕಿಟಕಿಗೆ ಬಂದು ನಿಂತರು.

ನೈಟಿಯಲ್ಲಿದ್ದ ತೆರೆಸಾ ನಮ್ಮನ್ನು ಕಂಡು “ಒಂದು ನಿಮಿಷ” ಎಂದು ಬಾಗಿಲು ಹಾಕಿಕೊಂಡರು. ಬಾಗಿಲು ತೆರೆದಾಗ ಸೀರೆ ಉಟ್ಟಿದ್ದರು. ನಮ್ಮನ್ನು ಹಾಲಿನ ಸೋಫಾದಲ್ಲಿ ಕೂರಿಸಿದರು. ಅತ್ತಿಗೆ ಆ ಮನೆಯ ಸೋಫಾದಲ್ಲಿ ಕುಳಿತದ್ದು ಅದೇ ಮೊದಲು, ಅವರ ಜಾಗ ಏನಿದ್ದರೂ ಅಡುಗೆಮನೆಯ ಸ್ಟೂಲು. ತಟ್ಟೆಯಲ್ಲಿ ಬೆಲ್ಲ ನೀರು ಬಂತು. ಅತ್ತಿಗೆ ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದು, ಎದ್ದು ನಿಂತು ಎರಡೂ ಕೈಯಲ್ಲಿ ಕಾರ್ಡು ಕೊಟ್ಟರು.

“ಭಾನುವಾರ ನಮ್ಮ ಮಗಳ ಮದುವೆ. ಕಾಪುವಿನ ಹಾಲಿನಲ್ಲಿ. ನೀವೆಲ್ಲರೂ ಬರಬೇಕು.”

“ಹುಡುಗ ಯಾವ ಊರಿನವರು?” ತೆರೆಸಾ ಗಂಭೀರವಾಗಿ ಕೇಳಿದರು. ಹುಡುಗ ನೋಡಲು ಬಂದ ದಿನ ಅವನಿಗೆ ಶೀರಾ ಬಡಿಸಿದ್ದು ಇವರೇ.

“ಬ್ರಹ್ಮಾವರದವರು” ಎಂದರು ಅತ್ತಿಗೆ, ಅಷ್ಟೇ ಗಂಭೀರವಾಗಿ. “ದುಬೈಯಲ್ಲಿ ಕೆಲಸ.”

“ಒಳ್ಳೆಯದು.”

ಅತ್ತಿಗೆ ಕಾರ್ಡು ಹಿಡಿದ ಆ ಕೈಗಳನ್ನೇ ಹಿಡಿದುಕೊಂಡರು. “ತಪ್ಪಾಯಿತು ತೆರೆಸಾ. ಊರಿಗೆಲ್ಲ ಹೇಳಿ ನಿನ್ನನ್ನು ಬಿಟ್ಟೆ. ನೀನು ಬಾರದಿದ್ದರೆ ನನ್ನ ಕೈಕಾಲು ಆಡುವುದಿಲ್ಲ.”

ತೆರೆಸಾ ಕಾರ್ಡನ್ನು ಮೇಜಿನ ಮೇಲೆ ನೇರವಾಗಿ ನಿಲ್ಲಿಸಿದರು. ಮೊಬೈಲು ತೆಗೆದು ಕಾರ್ಕಳದ ತಂಗಿಗೆ ಫೋನು ಹಚ್ಚಿದರು. ಮಾತು ಕೊಂಕಣಿಯಲ್ಲಿತ್ತು, ನಮಗೆಲ್ಲ ಅರ್ಥವಾಗುವಷ್ಟು ಗಟ್ಟಿಯಾಗಿತ್ತು.

“ಭಾನುವಾರ ಬರಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ಮದುವೆ ಉಂಟು. ಯಾರ ಮನೆಯಲ್ಲಿ ಅಂತಾ? ನಮ್ಮ ಮನೆಯಲ್ಲಿ.”