ಮಡಿಯಮ್ಮನ ಗ್ರೀಸ್ ಪ್ರವಾಸ

ಗ್ರೀಸಿನ ಕಡಲ ದಂಡೆಯ ಆ ಪುಟ್ಟ ಊರನ್ನು ನಾನು ಇವತ್ತಿಗೂ ನೋಡಿಲ್ಲ. ಆದರೆ ಯಾರಾದರೂ ಕೇಳಿದರೆ ಕಣ್ಣು ಮುಚ್ಚಿಕೊಂಡು ದಾರಿ ಹೇಳಬಲ್ಲೆ. ಬಸ್ಸಿಳಿದು ಎಡಕ್ಕೆ ಹೊರಳಿದರೆ ಮೀನುದೋಣಿಗಳ ಬಂದರು. ಅಲ್ಲಿಂದ ಮೆಟ್ಟಿಲು ಹತ್ತಿದರೆ ಗುಡ್ಡದ ತುದಿಯಲ್ಲಿ ಹಳೇ ಕೋಟೆ. ಬಂದರಿನಿಂದಲೇ ದೋಣಿ ಹಿಡಿದರೆ ಒಳಗೆಲ್ಲ ನೀಲಿ ಬೆಳಕಿರುವ ಒಂದು ಗವಿ. ಕೊನೆಗೆ ಬೆಚ್ಚನೆಯ ನೀರಿನ, ಬಿಳಿ ಬೆಣಚುಕಲ್ಲುಗಳ ಬೀಚು. ಚಳಿಗಾಲವಿಡೀ ಐರ್ಲೆಂಡಿನ ಸಿಟಿವೆಸ್ಟ್‌ನಲ್ಲಿರುವ ನನ್ನ ಆಫೀಸಿನಲ್ಲಿ, ಊಟದ ಬಿಡುವಿನಲ್ಲಿ ಕೂತು ನಾನು ಮಾಡಿದ್ದು ಇದೊಂದೇ ಕೆಲಸ. ನನ್ನ ಮಗಳು, ಆಗ ಅವಳಿಗೆ ಆರು ವರ್ಷ, ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದಳು: ಬಂದರು, ಕೋಟೆ, ಗವಿ, ಬೀಚು.

ಜೂನ್‌ನಲ್ಲಿ ಹೊರಡಬೇಕಿತ್ತು. ಮಾರ್ಚ್‌ನಲ್ಲಿ ಕೊರೋನಾ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ವಿಮಾನ ಕಂಪನಿಗೆ ಫೋನ್ ಮಾಡಿ, ಆ ಕಡೆ ಇರುವುದು ರೆಕಾರ್ಡ್ ಮಾಡಿದ ದನಿ ಎಂದು ಗೊತ್ತಿದ್ದೂ ಅದರ ಜೊತೆ ಜಗಳವಾಡಿದೆ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರಲ್ಲ, ನನಗೆ ಎರಡು ದಿನ ಗಂಟಲು ಕಟ್ಟಿತು. ಆ ದಿನಗಳಲ್ಲಿ ಗಂಟಲು ಕಟ್ಟುವುದು ತಮಾಷೆಯ ವಿಷಯವಾಗಿರಲಿಲ್ಲ. ಮನೆಯಲ್ಲಿ ಡಾಕ್ಟರಿದ್ದರಂತೂ ಇನ್ನೂ ಇಲ್ಲ.

ಡಾಕ್ಟರು ನನ್ನ ಹೆಂಡತಿಯೇ. ಡ್ರೋಹೆಡಾದ ದೊಡ್ಡಾಸ್ಪತ್ರೆಯಲ್ಲಿ ಅವಳಿಗೆ ಕೆಲಸ. ಅದಕ್ಕೇ ಆ ಊರಿನಲ್ಲಿ ನಮ್ಮ ಬಾಡಿಗೆ ಮನೆ. ವಾರ್ಡುಗಳು ತುಂಬತೊಡಗಿದ ಮೇಲೆ ಅವಳು ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುಮಾಡಿದಳು. ಹಿತ್ತಲ ಬಾಗಿಲಿನಿಂದ ಒಳಗೆ ಬರುವುದು, ಹಾಕಿದ ಬಟ್ಟೆಯನ್ನು ಬಿಸಿನೀರಿನ ಬಕೆಟ್ಟಿಗೆ ಹಾಕುವುದು, ತಲೆಗೆ ಸ್ನಾನ ಮಾಡಿ ನೇರ ಮಹಡಿಯ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಅವಳ ತಟ್ಟೆ, ಲೋಟ ಬೇರೆ. ಊಟವನ್ನು ನಾನು ಬಾಗಿಲ ಹೊರಗಿನ ಸ್ಟೂಲಿನ ಮೇಲಿಟ್ಟು, ಇಳಿದು ಬಂದು, ಕೂಗಬೇಕು. ಮೈಸೂರಿನಲ್ಲಿ ಅವಳ ಅಜ್ಜಿ, ನಮ್ಮತ್ತೆಯ ತಾಯಿ, ದೊಡ್ಡ ಮಡಿಹೆಂಗಸು. ಒದ್ದೆ ಸೀರೆಯನ್ನು ಕೋಲಿನಿಂದ ಎತ್ತಿ ಗಳುವಿಗೆ ಹಾಕುತ್ತಿದ್ದವರು, ಮೊಮ್ಮಕ್ಕಳು ಹತ್ತಿರ ಸುಳಿದರೆ "ಮುಟ್ಟಬೇಡ, ಮುಟ್ಟಬೇಡ" ಎಂದು ಹಿಂದೆ ಸರಿಯುತ್ತಿದ್ದವರು. ಕಾಲೇಜಿನ ದಿನಗಳಲ್ಲಿ ಇವಳು ಆ ಅಜ್ಜಿಯ ಜೊತೆ ವಾದ ಮಾಡಿ ಮಾಡಿ ಊಟ ಬಿಟ್ಟದ್ದೂ ಇದೆಯಂತೆ. ಈಗ ನೋಡಿದರೆ ಅಜ್ಜಿಯನ್ನೂ ಮೀರಿಸಿದ ಮಡಿ. ನಾನು ಅವಳಿಗೆ ಮಡಿಯಮ್ಮ ಎಂದು ಹೆಸರಿಟ್ಟೆ. ಮೊದಲ ವಾರ ನಕ್ಕಳು, ಆಮೇಲೆ ನಗಲಿಲ್ಲ.

ಇದರಲ್ಲಿ ನಿಜವಾಗಿ ಕಷ್ಟಪಟ್ಟವಳು ಮಗಳು. ಮೊದಲು ಅಮ್ಮನ ಕತ್ತಿಗೆ ಜೋತುಬಿದ್ದೇ ನಿದ್ದೆ ಮಾಡುತ್ತಿದ್ದ ಹುಡುಗಿ ಮೆಟ್ಟಿಲ ಕೆಳಗೆ ನಿಂತು ಮೇಲಕ್ಕೆ ಮುತ್ತು ಹಾರಿಸುವುದನ್ನು ಕಲಿತಳು. ವಸಂತ ಬಂದು ಹೋದರೂ ಅಮ್ಮ ಅವಳನ್ನು ಒಮ್ಮೆಯೂ ಮುಟ್ಟಲಿಲ್ಲ. ಜೊತೆಯ ಡಾಕ್ಟರುಗಳು ಆಸ್ಪತ್ರೆಯಲ್ಲೇ ಸ್ನಾನ ಮುಗಿಸಿ, ಮನೆಗೆ ಬಂದು ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು. ಇವಳಿಗೆ ಮಾತ್ರ ಧೈರ್ಯ ಬರಲಿಲ್ಲ. "ಅವರು ಹೇಗೆ ಮುಟ್ತಾರೋ, ವಾರ್ಡಿನಲ್ಲಿ ಅವರು ನೋಡಿದ್ದನ್ನೇ ನಾನೂ ನೋಡಿದೀನಿ ಕಣೋ. ನನ್ನಿಂದ ಅವಳಿಗೆ ಏನಾದ್ರೂ ಆದ್ರೆ?" ಎಂದು ಮುಚ್ಚಿದ ಬಾಗಿಲಿನ ಆಚೆಯಿಂದ ಒಂದು ಸಲ ಹೇಳಿದಳು. ತಟ್ಟೆ ಎತ್ತಿಕೊಂಡು ಇಳಿದೆ.

ಪ್ರವಾಸ ರದ್ದಾದರೂ ಅದಕ್ಕೆಂದು ಅವಳು ಹಾಕಿದ್ದ ರಜೆ ಉಳಿದಿತ್ತು, ಎರಡು ವಾರ. ಮೊದಲ ದಿನವೇ ಕೆಳಗಿಳಿದು ಬರುತ್ತಾಳೆ ಎಂದುಕೊಂಡು ನಾನು ಒಬ್ಬಟ್ಟು ಮಾಡಲು ಹೋಗಿ ಹೆಂಚು ಸುಟ್ಟೆ. ಅವಳು ಬರಲಿಲ್ಲ. ಜ್ವರ ಬರೋದಿಲ್ಲ ಅಂತ ಖಾತ್ರಿಯಾಗಲಿ, ಕಾಯೋಣ ಎಂದಳು. ಕಾದು ಕಾದು ರಜೆಯೇ ಮುಗಿಯುತ್ತ ಬಂತು. ಜ್ವರವಿಲ್ಲ, ಕೆಮ್ಮಿಲ್ಲ, ಆದರೂ ಆ ಬಾಗಿಲು ತೆರೆಯಲಿಲ್ಲ. ಸೋಮವಾರ ಮತ್ತೆ ಡ್ಯೂಟಿ. ನನಗೆ ಸಿಟ್ಟು ನೆತ್ತಿಗೇರಿತು. ಶುಕ್ರವಾರ ಮೆಟ್ಟಿಲ ಕೆಳಗೆ ನಿಂತು ಕೂಗಿದೆ: "ನಾಳೆ ನಾವು ಗ್ರೀಸಿಗೆ ಹೋಗ್ತಾ ಇದೀವಿ. ಮಾಸ್ಕ್ ಹಾಕ್ಕೊಂಡು ಬಾ, ಪಿಪಿಇ ಹಾಕ್ಕೊಂಡು ಬಾ, ಬರಲೇಬೇಕು."

ಗ್ರೀಸ್ ಎಂದರೆ ಡ್ರೋಹೆಡಾದಿಂದ ಅರ್ಧ ಗಂಟೆಯ ಒಂದು ಮೀನುಗಾರರ ಹಳ್ಳಿ. ಅಷ್ಟು ಹೊತ್ತಿಗೆ ಸರ್ಕಾರ ನಮ್ಮ ಕೌಂಟಿಯೊಳಗೆ, ಅಂದರೆ ಜಿಲ್ಲೆಯೊಳಗೆ, ಓಡಾಡಬಹುದು ಎಂದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಬಂದರು, ಗುಡ್ಡ, ಗವಿ, ಬೀಚು ಎಲ್ಲವೂ ಅಲ್ಲಿವೆ ಎಂದು ನಕ್ಷೆಯಲ್ಲಿ ನೋಡಿಕೊಂಡಿದ್ದೆ.

ಶನಿವಾರ ಬೆಳಿಗ್ಗೆ ನಾನು ಪುಳಿಯೋಗರೆ ಕಲಸುತ್ತಿದ್ದಾಗ ಮೈಸೂರಿನಿಂದ ಅತ್ತೆಯ ವಿಡಿಯೋ ಕಾಲ್ ಬಂತು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಮಗಳ ಮೇಲೆ ನನಗಿದ್ದ ದೂರನ್ನೆಲ್ಲ ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ಸಮುದ್ರಕ್ಕೆ ತಾನೇ ಹೋಗ್ತಿರೋದು? ಹಾಗಾದ್ರೆ ಯೋಚನೆ ಬಿಡಿ ಅಳಿಯಂದ್ರೇ. ನಮ್ಮಮ್ಮ ಹೇಳೋರು, ಸಮುದ್ರದಲ್ಲಿ ಮುಳುಗಿ ಎದ್ರೆ ಯಾವ ಮೈಲಿಗೇನೂ ನಿಲ್ಲೋದಿಲ್ಲ ಅಂತ. ಒಂದು ಸಲ ರಾಮೇಶ್ವರದಲ್ಲಿ ಮುಳುಗಿ ಎದ್ದು, ನಮ್ಮನ್ನೆಲ್ಲ ಒದ್ದೆ ಸೀರೆಯಲ್ಲೇ ತಬ್ಕೊಂಡಿದ್ರು. ಅದೊಂದೇ ಸಲ!"

ಮಗಳು ಇಂಗ್ಲಿಷಿನಲ್ಲಿ, ತನ್ನ ಐರಿಶ್ ರಾಗದಲ್ಲಿ, "ಯಾವ ಸಮುದ್ರ ಆದ್ರೂ ಆಗುತ್ತಾ?" ಎಂದು ಕೇಳಿದಳು.

"ಎಲ್ಲ ಸಮುದ್ರದ ನೀರೂ ಒಂದೇ ಪುಟ್ಟಿ," ಎಂದರು ಅತ್ತೆ. ಮಗಳು ತಲೆಯಾಡಿಸಿದಳು. ನಾನು ಒಗ್ಗರಣೆ ಸೀಯುತ್ತಿದೆ ಎಂದು ಆ ಕಡೆ ತಿರುಗಿದೆ.

ಕಾರಿನಲ್ಲೂ ಮಾಸ್ಕು, ನಾಲ್ಕೂ ಕಿಟಕಿ ಇಳಿಸಿದ್ದು. ಐರ್ಲೆಂಡಿನ ಜೂನ್ ಗಾಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ನಾನು ಗೈಡಿನ ಗತ್ತಿನಲ್ಲಿ ಪ್ರವಾಸ ಶುರುಮಾಡಿದೆ. ಬಂದರಿನಲ್ಲಿ ಎರಡು ಸೀಲ್ ಪ್ರಾಣಿಗಳು ನೀರಿನಿಂದ ಬೋಳುತಲೆ ಎತ್ತಿ ನಮ್ಮನ್ನೇ ನೋಡಿದವು. ಅದೇ ನಮ್ಮ ಪಾಲಿನ ಸ್ವಾಗತ ಸಮಿತಿ ಎಂದೆ. ಹೆಂಡತಿ ಮಾಸ್ಕಿನೊಳಗೇ ನಕ್ಕಳು. ಕಣ್ಣು ಸಣ್ಣದಾದದ್ದರಿಂದ ಗೊತ್ತಾಯಿತು. ಗುಡ್ಡದ ತುದಿಯಲ್ಲಿ ಕೋಟೆ ಇರಲಿಲ್ಲ, ಗಾಳಿ ಇತ್ತು. ದೂರದಲ್ಲಿ ಮೋರ್ನ್ ಬೆಟ್ಟಗಳ ನೀಲಿ ಸಾಲು ಕಾಣುತ್ತಿತ್ತು. ನಾನು ಪುಳಿಯೋಗರೆ ಬಿಚ್ಚಿ ಸಂಡಿಗೆ ಹಂಚುವಷ್ಟರಲ್ಲಿ ಕಡಲಹಕ್ಕಿಯೊಂದು ನನ್ನ ಕೈಯಿಂದಲೇ ಸಂಡಿಗೆ ಹಾರಿಸಿಕೊಂಡು ಹೋಯಿತು. ಗವಿಯ ಬಂಡೆಗೆ ಯಾರೋ ಕೆಂಪು ಬಣ್ಣ ಬಳಿದಿದ್ದರು. ಒಳಗೆ ಬಗ್ಗಿ ನೋಡಿದರೆ ನಮ್ಮ ಕಾರೂ ಹಿಡಿಸದಷ್ಟು ಜಾಗ. "ಇಷ್ಟೇನಾ?" ಎಂದೆ. "ಇಟ್ಸ್ ಗ್ರ್ಯಾಂಡ್, ಅಪ್ಪಾ," ಎಂದು ಮಗಳೇ ನನಗೆ ಸಮಾಧಾನ ಹೇಳಿದಳು. ಗ್ರ್ಯಾಂಡ್ ಎಂದರೆ ಇಲ್ಲಿಯವರ ಬಾಯಲ್ಲಿ ಪರವಾಗಿಲ್ಲ, ಚೆನ್ನಾಗಿದೆ ಎಂದಷ್ಟೇ.

ಆದರೆ ಅವಳಿಗೆ ಎಲ್ಲೂ ನಿಲ್ಲುವ ಮನಸ್ಸಿರಲಿಲ್ಲ. ಪ್ರತಿ ಜಾಗದಲ್ಲೂ ಒಂದೇ ಮಾತು, ಬೀಚು ಯಾವಾಗ? ಬೀಚು ಕೊನೆಗೆ ಎಂದು ನಾನು ಗದರಿದೆ. ಚಳಿಗಾಲವೆಲ್ಲ ಕೂತು ಮಾಡಿದ ಪ್ಲಾನನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವವನಲ್ಲ ನಾನು.

ಬೀಚಿಗೆ ಬಂದಾಗ ಮೋಡ ಕವಿದಿತ್ತು. ಬಿಳಿ ಕಲ್ಲುಗಳಿಲ್ಲ, ಕಂದು ಮರಳು, ಬೂದು ನೀರು. ಎಪ್ಪತ್ತು ದಾಟಿದ ಒಬ್ಬ ಐರಿಶ್ ಅಜ್ಜಿ ಈಜುಡುಪಿನಲ್ಲಿ ನೀರಿನಿಂದ ಎದ್ದು ಬಂದು, ಟವೆಲ್ ಸುತ್ತಿಕೊಂಡು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು. ಇಲ್ಲಿಯವರಿಗೆ ಇದು ನಿತ್ಯವ್ರತ. ಒಳಗೆ ಇಳಿದ ಮೇಲೆ ನೀರು ಗ್ರ್ಯಾಂಡ್ ಆಗಿರುತ್ತದೆ ಎಂದು ಕೂಗಿ ಹೇಳಿದರು. ಅವರ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಮಗಳು ಅಮ್ಮನ ಎದುರು, ಮಾರು ದೂರದಲ್ಲಿ, ಸೊಂಟಕ್ಕೆ ಕೈಕೊಟ್ಟು ನಿಂತಳು. ನೀರಿಗೆ ಇಳಿ ಎಂದಳು.

"ಹುಚ್ಚಾ ನಿಂಗೆ? ಐಸ್ ಥರ ಇದೆ. ಬಟ್ಟೆ ಕೂಡ ತಂದಿಲ್ಲ," ಎಂದಳು ಹೆಂಡತಿ.

ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವತ್ತು ಒಂದೊಂದೇ ಪದ ಹುಡುಕಿ ಜೋಡಿಸಿ ಹೇಳಿದಳು: "ಅಮ್ಮಾ, ನೀನು ಮುಳುಗು. ಅಜ್ಜಿ ಹೇಳಿದ್ದಾರೆ. ಆಮೇಲೆ ನಾನು ನಿನ್ನ ಮುಟ್ಟಬಹುದು."

ಹೆಂಡತಿ ನನ್ನ ಕಡೆ ನೋಡಿದಳು. ಬೆಳಗಿನ ಫೋನಿನ ಕಥೆ ಹೇಳಿದೆ. ಅವಳು ಬಯ್ಯುತ್ತಾಳೆ, ಉಪ್ಪುನೀರಿಗೂ ವೈರಸ್ಸಿಗೂ ಏನು ಸಂಬಂಧ ಎಂದು ಪಾಠ ಶುರುಮಾಡುತ್ತಾಳೆ ಎಂದು ಕಾದೆ. ಅವಳು ಸಮುದ್ರದ ಕಡೆ ತಿರುಗಿದಳು. ಆಮೇಲೆ ಚಪ್ಪಲಿ ಬಿಟ್ಟಳು, ಮಾಸ್ಕ್ ತೆಗೆದು ನನ್ನ ಕಡೆ ಎಸೆದಳು. ಚೂಡಿದಾರ್ ಸಮೇತ ನಡೆದೇ ನಡೆದಳು. ಮೊಣಕಾಲಿಗೆ ನೀರು ಬಂದಾಗ "ಅಯ್ಯಯ್ಯೋ ಅಮ್ಮಾ" ಎಂದು ಕೂಗಿದ್ದು ಬಂದರಿನ ಸೀಲುಗಳಿಗೂ ಕೇಳಿರಬೇಕು. ಸೊಂಟದ ಮಟ್ಟದಲ್ಲಿ ನಿಂತು, ಮೂಗು ಹಿಡಿದು, ಥೇಟ್ ಅವಳ ಅಜ್ಜಿಯ ಹಾಗೆ ಮೂರು ಮುಳುಗು ಹಾಕಿದಳು. ಐರಿಶ್ ಅಜ್ಜಿ ಚಹಾ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಅವಳು ದಂಡೆಗೆ ಬರುವವರೆಗೆ ಮಗಳು ಕಾಯಲಿಲ್ಲ. ಶೂ ಹಾಕಿಕೊಂಡೇ ನೀರಿಗೆ ನುಗ್ಗಿದಳು. ಹೆಂಡತಿ ಒಂದು ಕ್ಷಣ ಎರಡೂ ಕೈ ಮೇಲೆತ್ತಿದಳು, ಅಭ್ಯಾಸಬಲ. ಆಮೇಲೆ ಬಾಗಿ ಎತ್ತಿಕೊಂಡಳು. ಇಬ್ಬರೂ ನಡುಗುತ್ತ, ಅಳುತ್ತ, ನಗುತ್ತ ಅಲ್ಲೇ ನಿಂತರು. ನನಗೂ ಅಳು ಬಂತು. ಗಾಳಿಗೆ ಕಣ್ಣಲ್ಲಿ ನೀರು ಎಂದು ಆಮೇಲೆ ಸುಳ್ಳು ಹೇಳಿದೆ, ಯಾರೂ ನಂಬಲಿಲ್ಲ.

ಹೊರಡುವಾಗ ಒದ್ದೆ ಬಟ್ಟೆ ಹಿಂಡುವ ಗಡಿಬಿಡಿಯಲ್ಲಿ ನಾವು ತಂದಿದ್ದ ಕಾಫಿ ಫ್ಲಾಸ್ಕ್ ಎಲ್ಲಿ ಹೋಯಿತು ಎಂದು ನಾನು ಹುಡುಕಲಿಲ್ಲ.

ಅದು ಸಿಕ್ಕಿದ್ದು ಸೋಮವಾರ ಸಂಜೆ. ಡ್ಯೂಟಿ ಮುಗಿಸಿ, ಆಸ್ಪತ್ರೆಯಲ್ಲೇ ಸ್ನಾನ ಮಾಡಿಕೊಂಡು ಬಂದ ಹೆಂಡತಿ ಅಭ್ಯಾಸದಂತೆ ಹಿತ್ತಲ ಬಾಗಿಲು ತೆರೆದಳು. ಒಳಗೆ ಬರಲೋ, ಮೆಟ್ಟಿಲ ಕಡೆ ತಿರುಗಲೋ ಎಂದು ಹೊಸ್ತಿಲಲ್ಲಿ ತಡೆದು ನಿಂತಳು. ಮಗಳು ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಎದುರು ಬಂದಳು. ಮುಚ್ಚಳ ತಿರುಗಿಸಿದಾಗ ಕಾಫಿಯ ಬದಲು ಸಮುದ್ರದ ವಾಸನೆ ಬಂತು.

ಹೆಂಡತಿ ಬ್ಯಾಗನ್ನು ಕೆಳಗಿಟ್ಟು, ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ತಲೆ ಬಗ್ಗಿಸಿದಳು.

"ಸ್ವಲ್ಪ ಸ್ವಲ್ಪ ಹಾಕು ಪುಟ್ಟಿ," ಎಂದಳು. "ನಾಳೆಗೂ ಬೇಕು."